ಗುಂಡೇಟು ತಿಂದವಳು ಕೇಳಿದ ಒಂದೇ ಪ್ರಶ್ನೆ

ದಕ್ಷಿಣ ಕೊರಿಯಾದ ಗಾಯಕಿ ಬೆಕ್ ಜಿ-ಯಂಗ್ ಹಾಡಿರುವ ‘ಚೊಂಗ್ ಮಜುನ್ ಗೊತ್‌ಚೊರೊಮ್’, ಅಂದರೆ ‘ಗುಂಡೇಟು ತಿಂದಂತೆ’, ಎಂಬ ಕೊರಿಯನ್ ಹಾಡಿನಲ್ಲಿ, ಪ್ರೀತಿಸಿದವನು ಇನ್ನು ಸಾಕೆಂದು ಹೇಳಿದಾಗ ಅವಳಿಗೆ ಮೊದಲು ಬರುವುದು ನಗು. ಗುಂಡೇಟು ತಿಂದವರ ಹಾಗೆ ಏನೊಂದೂ ತೋಚದೆ, ಬರೀ ನಗು ಬಂದದ್ದರಿಂದ ಸುಮ್ಮನೆ ನಕ್ಕೆ ಎಂದು ಅವಳೇ ಹೇಳುತ್ತಾಳೆ. ಆ ಬರಿದಾದ ನಗುವಿನ ನಡುವೆಯೇ, ಒಂದೇ ಒಂದು ಮಾತು ಕೇಳುತ್ತೇನೆ ಎಂದು ಬೇಡಿಕೊಂಡು, ನಾವು ಯಾಕೆ ಬೇರೆಯಾಗಬೇಕು, ಹೇಗೆ ಬೇರೆಯಾಗುವುದು ಎಂದು ಕೇಳುತ್ತಾಳೆ. ಹಾಡು ಮುಗಿಯುವವರೆಗೂ ಆ ಪ್ರಶ್ನೆಗೆ ಉತ್ತರ ಬರುವುದಿಲ್ಲ.

ಮನಸಾರೆ ಪ್ರೀತಿಸಿ ಪೆಟ್ಟು ತಿಂದವರ ಹಾಡುಗಳಿಗೆ ಕೊರಿಯಾದಲ್ಲಿ ಬರವಿಲ್ಲ. ಅಲ್ಲಿ ಬ್ಯಾಲಡ್ ಎಂದು ಕರೆಯುವ ಇಡೀ ಪ್ರಕಾರವೇ ಬಹುಮಟ್ಟಿಗೆ ಆ ಒಂದು ಅನುಭವದ ಮೇಲೆ ನಿಂತಿದೆ. ಆದರೂ ನಾನು ಮತ್ತೆ ಮತ್ತೆ ಈ ಹಾಡಿಗೇ ಮರಳುವುದಕ್ಕೆ ಒಂದು ಕಾರಣವಿದೆ. ನೊಂದವರಿಂದ ಲೋಕ ಸಾಮಾನ್ಯವಾಗಿ ಮೂರರಲ್ಲಿ ಒಂದನ್ನು ನಿರೀಕ್ಷಿಸುತ್ತದೆ: ಎದುರಿನವರನ್ನು ದೂರಬೇಕು, ಇಲ್ಲವೇ ತನ್ನನ್ನೇ ಹಳಿದುಕೊಳ್ಳಬೇಕು, ಇಲ್ಲವೇ ಈ ನೋವಿನಿಂದ ಏನೋ ಒಂದು ಪಾಠ ಕಲಿತೆ ಎಂದು ಹೇಳಬೇಕು. ಈ ಹಾಡು ಮೂರನ್ನೂ ಮಾಡುವುದಿಲ್ಲ. ಪ್ರೀತಿ ನಿಜವಾಗಿತ್ತು, ಈಗ ನೋವೂ ಅಷ್ಟೇ ನಿಜ ಎಂಬಲ್ಲಿಗೆ ಅದು ನಿಲ್ಲುತ್ತದೆ, ಮತ್ತು ಅಷ್ಟರಲ್ಲೇ ನಿಲ್ಲುವುದಕ್ಕೆ ಎಷ್ಟು ಧೈರ್ಯ ಬೇಕೆಂಬುದು ನನಗೆ ವರ್ಷಗಳು ಕಳೆದಂತೆ ಹೆಚ್ಚು ಹೆಚ್ಚು ಅರ್ಥವಾಗುತ್ತಿದೆ.

ಬೆಂಗಳೂರಿನಲ್ಲಿ ಈಗ ಕೊರಿಯನ್ ಹಾಡು ಎಂದರೆ ಬಹುತೇಕರಿಗೆ ಬಿಟಿಎಸ್. ಮೆಟ್ರೊದ ಹಸಿರು ಮಾರ್ಗದಲ್ಲಿ ಜಯನಗರದಲ್ಲೋ ಬನಶಂಕರಿಯಲ್ಲೋ ಹತ್ತುವ ಕಾಲೇಜು ಹುಡುಗಿಯರ ಚೀಲಗಳಲ್ಲಿ ಆ ಏಳು ಹುಡುಗರ ಚಿತ್ರಗಳು ತೂಗಾಡುವುದನ್ನು ನಾನು ಸಂತೋಷದಿಂದಲೇ ನೋಡುತ್ತೇನೆ. ಆ ಗುಂಪನ್ನು ಕಟ್ಟಿದ ಬಾಂಗ್ ಶಿ-ಹ್ಯುಕ್ ಎಂಬ ನಿರ್ಮಾಪಕನೇ ಈ ಬ್ಯಾಲಡ್‌ನ ಸಾಹಿತ್ಯವನ್ನೂ ಸಂಗೀತವನ್ನೂ ರಚಿಸಿದವನು ಎಂಬುದು ಅವರಲ್ಲಿ ಎಷ್ಟು ಜನರಿಗೆ ತಿಳಿದಿದೆಯೋ ಕಾಣೆ. ಅವನು ತನ್ನ ಬಿಗ್ ಹಿಟ್ ಸಂಸ್ಥೆಯನ್ನು 2005ರಲ್ಲಿ ಆರಂಭಿಸಿದ. ಈ ಹಾಡು 2008ರ ನವೆಂಬರಿನಲ್ಲಿ ಬೆಕ್ ಜಿ-ಯಂಗ್ ಅವರ ಏಳನೆಯ ಆಲ್ಬಮ್‌ನಲ್ಲಿ ಬಂತು. ಬಿಟಿಎಸ್ ಮೊದಲ ಬಾರಿಗೆ ವೇದಿಕೆ ಹತ್ತಿದ್ದು 2013ರ ಜೂನ್‌ನಲ್ಲಿ. ಜಗತ್ತಿನ ಕ್ರೀಡಾಂಗಣಗಳನ್ನು ತುಂಬಿದ ಆ ಸಂಗೀತದ ಹಿಂದೆ, ಒಬ್ಬಳೇ ಹೆಣ್ಣು ಒಂದೇ ಪ್ರಶ್ನೆ ಕೇಳುತ್ತ ನಿಂತಿರುವ ಇಂಥ ಹಾಡುಗಳ ದೀರ್ಘ ಅಭ್ಯಾಸವೂ ಇದೆ ಎಂಬುದನ್ನು ಆ ಹುಡುಗಿಯರಿಗೆ ಹೇಳಬೇಕೆಂದು ನನಗೆ ಅನ್ನಿಸುತ್ತಿರುತ್ತದೆ.

ಆ ಅಭ್ಯಾಸಕ್ಕೆ ಆಧುನಿಕ ರೂಪ ಸಿಕ್ಕಿದ್ದು 1980ರ ದಶಕದಲ್ಲಿ. ಹಾನ್‌ಯಾಂಗ್ ವಿಶ್ವವಿದ್ಯಾಲಯದಲ್ಲಿ ಸಂಗೀತ ರಚನೆಯನ್ನು ಓದಿದ್ದ ಯೂ ಜೆ-ಹಾ ಎಂಬ ತರುಣ 1987ರ ಆಗಸ್ಟಿನಲ್ಲಿ ಒಂದು ಆಲ್ಬಮ್ ಹೊರತಂದ. ಪಾಶ್ಚಾತ್ಯ ಶಾಸ್ತ್ರೀಯ ಸಂಗೀತದ ಸ್ವರಮೇಳಗಳನ್ನು ಜನಪ್ರಿಯ ಹಾಡಿನೊಳಗೆ ಸಹಜವಾಗಿ ಬೆರೆಸಿದ. ಅದೇ ವರ್ಷದ ನವೆಂಬರ್ 1ರಂದು ರಸ್ತೆ ಅಪಘಾತದಲ್ಲಿ ತೀರಿಕೊಂಡಾಗ ಅವನಿಗೆ 25 ವರ್ಷ. ಅವನು ಬಿಟ್ಟುಹೋದದ್ದು ಆ ಒಂದೇ ಆಲ್ಬಮ್. ಆದರೆ ಕೊರಿಯನ್ ಬ್ಯಾಲಡ್‌ನ ಚರಿತ್ರೆಯನ್ನು ಬರೆಯುವವರು ಯಾರೂ ಅದನ್ನು ಬಿಟ್ಟು ಮುಂದೆ ಹೋಗುವುದಿಲ್ಲ, ಮತ್ತು 1989ರಿಂದ ಅವನ ಹೆಸರಿನಲ್ಲಿ ಹೊಸ ಗೀತರಚನಕಾರರಿಗಾಗಿ ಸ್ಪರ್ಧೆ ನಡೆಯುತ್ತ ಬಂದಿದೆ. ಪಿಯಾನೊ ಜೊತೆ ಮಾತಿನಷ್ಟು ಮೆಲ್ಲಗೆ ಆರಂಭವಾಗಿ, ನಿಧಾನವಾಗಿ ತಂತಿವಾದ್ಯಗಳು ಸೇರಿಕೊಂಡು, ಕಡೆಯ ಭಾಗದಲ್ಲಿ ಕಂಠ ತನ್ನ ಎತ್ತರದ ಅಂಚನ್ನು ಮುಟ್ಟಿ ಇಳಿಯುವ ನಡೆ ಮುಂದಿನ ದಶಕಗಳಲ್ಲಿ ಆ ಪ್ರಕಾರದ ಲಕ್ಷಣವೇ ಆಯಿತು. 1990ರ ದಶಕದ ಆರಂಭದಲ್ಲಿ ಬುಸಾನ್ ನಗರದಿಂದ ಹರಡಿದ ಹಾಡುಕೋಣೆಗಳು, ಅಂದರೆ ನೊರೆಬಾಂಗ್‌ಗಳು, ಈ ಹಾಡುಗಳನ್ನು ಗಾಯಕರಿಂದ ಇಸಿದುಕೊಂಡು ಸಾಮಾನ್ಯ ಜನರ ಬಾಯಿಗೆ ಕೊಟ್ಟವು.

ನಾನು ಬಾಲ್ಯದಲ್ಲಿ ಮಲ್ಲೇಶ್ವರದ ಒಂದು ಮನೆಯ ಹಜಾರದಲ್ಲಿ ಕೂತು ಸುಗಮ ಸಂಗೀತ ಕಲಿತವಳು. ಆದ್ದರಿಂದ ಬ್ಯಾಲಡ್ ಕೇಳುವಾಗ ನನ್ನ ಕಿವಿ ತಾನಾಗಿಯೇ ಭಾವಗೀತೆಯ ಕಡೆಗೆ ತಿರುಗುತ್ತದೆ. ನಮ್ಮಲ್ಲಿ ಪ್ರತಿ ಚರಣದ ಬಳಿಕ ಪಲ್ಲವಿಗೆ ಮರಳುತ್ತೇವೆ, ಅದೇ ಸಾಲನ್ನು ಬೇರೆ ಬೇರೆ ಸಂಗತಿಗಳಲ್ಲಿ ಹಾಡಿ ಅರ್ಥವನ್ನು ಬಿಡಿಸುತ್ತೇವೆ, ದುಃಖವಾದರೂ ಅದು ಒಂದು ಅಂಗಳದೊಳಗೆ ಸುತ್ತುವ ದುಃಖ. ಕೊರಿಯನ್ ಬ್ಯಾಲಡ್ ಹಾಗೆ ಸುತ್ತುವುದಿಲ್ಲ. ಅಲ್ಲಿಯೂ ಮರಳಿ ಬರುವ ಭಾಗವಿದೆಯಾದರೂ, ಪ್ರತಿ ಸಲ ಅದು ಮೊದಲಿಗಿಂತ ಹೆಚ್ಚು ಒತ್ತಡ ಹೊತ್ತು ಬರುತ್ತದೆ. ಮೊದಲ ಸಲ ತಡೆದುಕೊಂಡಿದ್ದನ್ನು ಎರಡನೆಯ ಸಲ ತಡೆದುಕೊಳ್ಳಲಾಗುವುದಿಲ್ಲ. ರವೀಂದ್ರ ಕಲಾಕ್ಷೇತ್ರದಲ್ಲಿ ಕೇಳಿದ ಎಷ್ಟೋ ವಿರಹಗೀತೆಗಳು ನನ್ನನ್ನು ಸಮಾಧಾನಗೊಳಿಸಿ ಮನೆಗೆ ಕಳಿಸಿವೆ, ಮತ್ತು ಅದಕ್ಕಾಗಿ ನಾನು ಆ ಗಾಯಕರಿಗೆ ಕೃತಜ್ಞಳು. ಈ ಹಾಡು ಸಮಾಧಾನ ಮಾಡುವುದಿಲ್ಲ. ಎರಡೂ ಬೇಕು ಎಂದೇ ನಾನು ನಂಬುತ್ತೇನೆ, ಆದರೆ ಎರಡನೆಯದು ನಮ್ಮಲ್ಲಿ ಕಡಿಮೆ.

ಹಾಡಿನ ಕಟ್ಟಡದಲ್ಲಿ ನನ್ನನ್ನು ಹಿಡಿದು ನಿಲ್ಲಿಸುವ ಒಂದು ಸೂಕ್ಷ್ಮವಿದೆ. ಚರಣದ ಕೆಲವು ಸಾಲುಗಳ ಕೊನೆಯಲ್ಲಿ ಒಂದು ಪುಟ್ಟ ವಾಕ್ಯವನ್ನು ಅವಳು ಎರಡು ಸಲ ಪೂರ್ತಿಯಾಗಿ ಹೇಳುತ್ತಾಳೆ, ಮೂರನೆಯ ಸಲ ಮೊದಲ ಪದವನ್ನಷ್ಟೇ ಹೇಳಿ ಬಿಟ್ಟುಬಿಡುತ್ತಾಳೆ. ಸುಮ್ಮನೆ ನಕ್ಕೆ, ಸುಮ್ಮನೆ ನಕ್ಕೆ, ಸುಮ್ಮನೆ, ಎಂದು ನಿಲ್ಲುತ್ತದೆ ಒಂದು ಸಾಲು. ಹೇಗೆ ಬೇರೆಯಾಗುವುದು ಎಂಬುದೂ ಎರಡು ಸಲ ಬಂದು, ಮೂರನೆಯ ಸಲಕ್ಕೆ ‘ಹೇಗೆ’ ಮಾತ್ರ ಉಳಿಯುತ್ತದೆ. ತನ್ನ ಮಾತನ್ನು ತಾನೇ ನಂಬಲಾರದೆ ಮತ್ತೆ ಮತ್ತೆ ಹೇಳಿಕೊಳ್ಳುವವರ, ಹೇಳುತ್ತ ಹೇಳುತ್ತ ಉಸಿರು ಸಾಲದೆ ನಿಲ್ಲಿಸುವವರ ನಡೆ ಅದು. ಸಂಗೀತ ಮುಂದುವರಿಯುತ್ತದೆ, ವಾಕ್ಯ ಮುಂದುವರಿಯುವುದಿಲ್ಲ. ಬೆಕ್ ಜಿ-ಯಂಗ್ ಅವರ ಕಂಠ ಸ್ವಲ್ಪ ಗಡಸು, ಅಂಚಿನಲ್ಲಿ ಒಡೆದಂತಿರುವ ಕಂಠ. ಆ ಅರ್ಧ ಸಾಲುಗಳನ್ನು ಅವರು ಯಾವ ಅಲಂಕಾರವೂ ಇಲ್ಲದೆ ಬಿಟ್ಟುಕೊಡುತ್ತಾರೆ. ಸಾಲಿನ ಕೊನೆಯಲ್ಲಿ ಒಂದು ಗಮಕ ಹಾಕಿ ಚೆಂದಗಾಣಿಸುವ ಆಸೆ ಯಾವ ತರಬೇತಿ ಪಡೆದ ಕಂಠಕ್ಕಾದರೂ ಬರುತ್ತದೆ ಎಂಬುದನ್ನು ನಾನು ಬಲ್ಲೆ, ಆದ್ದರಿಂದಲೇ ಆ ಸಂಯಮದ ಬೆಲೆ ನನಗೆ ಗೊತ್ತು.

ಪುನರಾವರ್ತನೆಯಾಗುವ ಭಾಗದಲ್ಲಿ ಹಾಡು ಪೂರ್ತಿಯಾಗಿ ದೇಹಕ್ಕೆ ಇಳಿಯುತ್ತದೆ. ಎದೆಯಲ್ಲಿ ತೂತು ಬಿದ್ದಿದೆ, ಇಬ್ಬರ ನೆನಪುಗಳು ಅಲ್ಲಿಂದ ಉಕ್ಕಿ ಹರಿಯುತ್ತಿವೆ, ಹಿಡಿಯಲು ಹೋದರೆ, ಎದೆಯನ್ನು ಮುಚ್ಚಿಕೊಂಡರೆ, ಬೆರಳ ಸಂದಿಯಿಂದ ಜಾರಿಹೋಗುತ್ತವೆ. ಹೃದಯ ನಿಂತರೂ ಇಷ್ಟು ನೋಯಲಾರದು ಎನ್ನುತ್ತಾಳೆ. ಏನಾದರೂ ಮಾಡು, ನನಗೆ ಚಿಕಿತ್ಸೆ ಮಾಡು ಎಂದು ಬೇಡುತ್ತಾಳೆ, ಅದೂ ಗುಂಡು ಹೊಡೆದವನನ್ನೇ. ಕವಿಗಳ ಉತ್ಪ್ರೇಕ್ಷೆ ಎಂದು ಇದನ್ನು ಬದಿಗೆ ಸರಿಸುವುದು ಸುಲಭ, ಆದರೆ ವೈದ್ಯವಿಜ್ಞಾನ ಅಷ್ಟು ಸುಲಭವಾಗಿ ಸರಿಸುವುದಿಲ್ಲ. ಅಮೆರಿಕದಲ್ಲಿ ನಡೆದು 2011ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ, ತಾವು ಬಯಸದ ಅಗಲಿಕೆಯನ್ನು ಇತ್ತೀಚೆಗಷ್ಟೇ ಅನುಭವಿಸಿದ್ದ 40 ಮಂದಿಗೆ ತಮ್ಮನ್ನು ಬಿಟ್ಟುಹೋದವರ ಚಿತ್ರ ತೋರಿಸಿ ಮೆದುಳನ್ನು ಸ್ಕ್ಯಾನ್ ಮಾಡಿದಾಗ, ಚರ್ಮಕ್ಕೆ ಬಿಸಿ ತಾಗಿಸಿದಾಗ ಚುರುಕಾಗುವ ಕೆಲವು ಭಾಗಗಳೇ ಆಗಲೂ ಚುರುಕಾದವು. ಆ ಎರಡು ನೋವುಗಳ ಮಾದರಿಗಳು ಒಂದೇ ಅಲ್ಲ, ಬೇರ್ಪಡಿಸಿ ಗುರುತಿಸಬಹುದು ಎಂದು 2014ರ ಇನ್ನೊಂದು ಸಂಶೋಧನೆ ತೋರಿಸಿತು. ಆದ್ದರಿಂದ ಎರಡೂ ಒಂದೇ ನೋವು ಎಂದು ಘೋಷಿಸಲು ನಾನು ಸಿದ್ಧಳಿಲ್ಲ. ಆದರೆ ತೀವ್ರ ದುಃಖದ ಆಘಾತದಿಂದ ಹೃದಯದ ಎಡ ಹೃತ್ಕುಕ್ಷಿ ಇದ್ದಕ್ಕಿದ್ದಂತೆ ಉಬ್ಬಿ ದುರ್ಬಲವಾಗುವ ಸ್ಥಿತಿಯನ್ನು ಜಪಾನಿನ ವೈದ್ಯರು 1990ರಲ್ಲೇ ವಿವರಿಸಿದ್ದಾರೆ, ಮತ್ತು ಇಂದು ಹೃದ್ರೋಗ ತಜ್ಞರು ಅದನ್ನು ಟಾಕೊಟ್ಸುಬೊ ಎಂಬ ಹೆಸರಿನಿಂದ ಗುರುತಿಸುತ್ತಾರೆ. ಬಹುತೇಕರು ಕೆಲವು ವಾರಗಳಲ್ಲಿ ಚೇತರಿಸಿಕೊಳ್ಳುತ್ತಾರೆ. ಇಷ್ಟು ನೋವಾಗಿಯೂ ಬದುಕಿರಲು ಸಾಧ್ಯವಾಗುವುದೇ ವಿಚಿತ್ರ ಎಂದು ಹಾಡಿನವಳು ಹೇಳುವ ಮಾತನ್ನು ನಾನು ಈ ತಿಳಿವಳಿಕೆಯ ಪಕ್ಕದಲ್ಲಿಟ್ಟು ಕೇಳುತ್ತೇನೆ.

ಎರಡನೆಯ ಚರಣದಲ್ಲಿ ಅವನು ಎದ್ದು ಹೊರಡುತ್ತಾನೆ. ಅವಳು ಹಿಂದೆ ಮುಂದೆ ನೋಡದೆ ಹಿಂಬಾಲಿಸುತ್ತಾಳೆ, ತಪ್ಪಿಸಿಕೊಂಡು ಹೋಗುವವನಂತೆ ನಡೆಯುತ್ತಿರುವವನ ಬೆನ್ನ ಹಿಂದೆ ನಿಂತು ಕೂಗುತ್ತಾಳೆ. ಕೊರಿಯನ್ ಸಾಹಿತ್ಯವನ್ನು ಸ್ವಲ್ಪವಾದರೂ ಓದಿದವರಿಗೆ ಇಲ್ಲಿ ಇನ್ನೊಂದು ಹೆಣ್ಣು ನೆನಪಾಗದೆ ಇರಲಾರಳು. ಕವಿ ಕಿಮ್ ಸೊ-ವೊಲ್ 1922ರಲ್ಲಿ ಪ್ರಕಟಿಸಿದ, ಅಲ್ಲಿನ ಶಾಲಾಮಕ್ಕಳೆಲ್ಲ ಬಲ್ಲ ‘ಜಿಂದಲ್ಲೆಕ್ಕೊತ್’, ಅಂದರೆ ‘ಅಜೇಲಿಯಾ ಹೂಗಳು’, ಎಂಬ ಕವಿತೆಯಲ್ಲಿ, ತನ್ನನ್ನು ನೋಡಲು ಬೇಸರವಾಗಿ ಹೊರಟವನನ್ನು ಅವಳು ಮಾತಿಲ್ಲದೆ ಕಳಿಸಿಕೊಡುತ್ತೇನೆ ಎನ್ನುತ್ತಾಳೆ. ಯೊಂಗ್‌ಬ್ಯೊನ್‌ನ ಯಾಕ್‌ಸಾನ್ ಬೆಟ್ಟದ ಅಜೇಲಿಯಾ ಹೂಗಳನ್ನು ತೋಳ ತುಂಬ ತಂದು ಅವನ ದಾರಿಗೆ ಚೆಲ್ಲುತ್ತೇನೆ, ಅವುಗಳ ಮೇಲೆ ಮೆಲ್ಲಗೆ ಹೆಜ್ಜೆಯಿಟ್ಟು ಹೋಗು, ಸತ್ತರೂ ಕಣ್ಣೀರು ಹಾಕುವುದಿಲ್ಲ ಎನ್ನುತ್ತಾಳೆ. ಯೊಂಗ್‌ಬ್ಯೊನ್ ಎಂದರೆ ಇಂದು ಪತ್ರಿಕೆಗಳಲ್ಲಿ ಉತ್ತರ ಕೊರಿಯಾದ ಅಣುಸ್ಥಾವರದ ಊರು. ಆ ಹೂಗಳ ಊರೂ ಅದೇ ಎಂಬುದು ನನ್ನನ್ನು ಪ್ರತಿಸಲವೂ ಕಲಕುತ್ತದೆ. ಆ ಕವಿತೆಯ ಘನತೆ ದೊಡ್ಡದು, ಮತ್ತು ಅಳುವುದಿಲ್ಲ ಎಂಬ ಮಾತಿನೊಳಗೇ ಅಳು ತುಂಬಿದೆ ಎಂಬುದನ್ನು ಕೊರಿಯನ್ನರು ತಲೆಮಾರುಗಳಿಂದ ಅರಿತಿದ್ದಾರೆ. ಆದರೆ ಎಲ್ಲರಿಗೂ ಹೂ ಚೆಲ್ಲಿ ಕಳಿಸುವ ಶಕ್ತಿ ಇರುವುದಿಲ್ಲ. 2008ರ ಹಾಡು ಆ ಶಕ್ತಿಯಿಲ್ಲದವರ ಪರವಾಗಿ ಬೀದಿಗೆ ಇಳಿಯುತ್ತದೆ. ಹನ್ನೆರಡನೆಯ ಶತಮಾನದಲ್ಲಿ ಅಕ್ಕಮಹಾದೇವಿ ಗಿಳಿಗಳನ್ನೂ ಕೋಗಿಲೆಗಳನ್ನೂ ದುಂಬಿಗಳನ್ನೂ ತಡೆದು ನನ್ನ ಚೆನ್ನಮಲ್ಲಿಕಾರ್ಜುನನನ್ನು ಕಂಡಿರಾ ಎಂದು ಕೇಳಿದ ನಾಡಿನವರಾದ ನಮಗೆ, ಮಾನಾಪಮಾನವನ್ನು ಮರೆತು ಕೇಳುವ ಈ ಬಗೆ ಅಪರಿಚಿತವಾಗಬೇಕಿಲ್ಲ. ಅಕ್ಕನ ಹುಡುಕಾಟ ದೇವರದು, ಇದು ಮನುಷ್ಯನದು. ಕೇಳುವ ದನಿಯಲ್ಲಿ ಮಾತ್ರ ಹೋಲಿಕೆಯಿದೆ.

ಹಿಂಬಾಲಿಸುವುದರ ಬಗ್ಗೆ ಒಂದು ಮಾತನ್ನು ಸ್ಪಷ್ಟವಾಗಿ ಹೇಳಬೇಕು. ನಮ್ಮ ಸಿನಿಮಾಗಳಲ್ಲಿ ಒಲ್ಲೆ ಎಂದ ಹುಡುಗಿಯ ಬೆನ್ನು ಬೀಳುವುದನ್ನು ಪ್ರೀತಿ ಎಂದು ತೋರಿಸಿ ತೋರಿಸಿ ಆಗಿರುವ ಹಾನಿಯನ್ನು ನಾನು ಚಿಕ್ಕದೆಂದು ಎಣಿಸುವುದಿಲ್ಲ. ಈ ಹಾಡಿನಲ್ಲಿ ನಡೆಯುವುದು ಅದಲ್ಲ. ಅವಳು ಬೆದರಿಸುವುದಿಲ್ಲ, ನೀನು ನನ್ನವನೇ ಎಂದು ಹಕ್ಕು ಸಾಧಿಸುವುದಿಲ್ಲ, ನಾಳೆಯೂ ಬರುತ್ತೇನೆ ಎನ್ನುವುದಿಲ್ಲ; ಪೆಟ್ಟು ಬಿದ್ದ ಮೊದಲ ಕೆಲವು ನಿಮಿಷಗಳ ದಿಗ್ಭ್ರಮೆಯಷ್ಟೇ ಅದು. ನಮ್ಮ ಊರಿನ ಆಟೊಗಳಲ್ಲೂ ಚಹಾ ಅಂಗಡಿಗಳಲ್ಲೂ ಕೇಳಿಬರುವ ‘ಲವ್ ಫೇಲ್ಯೂರ್’ ಹಾಡುಗಳನ್ನು ಇದರ ಜೊತೆ ಹೋಲಿಸಿದರೆ ವ್ಯತ್ಯಾಸ ಥಟ್ಟನೆ ತಿಳಿಯುತ್ತದೆ. ಅವುಗಳಲ್ಲಿ ಬಹಳಷ್ಟು ಹಾಡುಗಳಿಗೆ ನೋವು ಒಂದು ನೆಪ, ದೂರುವುದೇ ಗುರಿ: ಹುಡುಗಿ ಮೋಸಗಾತಿ, ಹುಡುಗಿಯರೆಲ್ಲ ಹೀಗೆಯೇ, ಕುಡಿದು ಮರೆಯುತ್ತೇನೆ ಎಂಬಲ್ಲಿಗೆ ಅವು ಬೇಗ ತಲುಪಿಬಿಡುತ್ತವೆ. ಬೆಕ್ ಜಿ-ಯಂಗ್ ಅವರ ಹಾಡಿನಲ್ಲಿ ಅವನು ಏನು ಮಾಡಿದ, ಯಾಕೆ ಹೊರಟ ಎಂಬ ಒಂದು ವಿವರವೂ ಇಲ್ಲ. ಅವನು ಕೆಟ್ಟವನೆಂದು ಸಾಬೀತು ಮಾಡದೆಯೂ ತನ್ನ ನೋವು ನಿಜವೆಂದು ಹೇಳಲು ಅವಳಿಗೆ ಸಾಧ್ಯವಾಗುತ್ತದೆ. ಇದನ್ನೇ ನಾನು ಮನಸಾರೆ ಪ್ರೀತಿಸಿದವರ ಗುರುತು ಎಂದು ಭಾವಿಸುತ್ತೇನೆ.

ಇದಕ್ಕೆ ಎದುರಾಗಿ ನಿಲ್ಲುವ ಹಾಡೊಂದು ಕೊರಿಯಾದಲ್ಲೇ ಇದೆ. ಕಿಮ್ ಗ್ವಾಂಗ್-ಸೊಕ್ 1994ರ ತನ್ನ ನಾಲ್ಕನೆಯ ಆಲ್ಬಮ್‌ನಲ್ಲಿ ಹಾಡಿದ, ಕವಿ ರ್ಯೂ ಗುನ್ ಸಾಹಿತ್ಯ ಬರೆದ ಆ ಹಾಡಿನ ಹೆಸರೇ ಒಂದು ತೀರ್ಪಿನಂತಿದೆ: ಅತಿಯಾಗಿ ನೋಯಿಸಿದ ಪ್ರೀತಿ ಪ್ರೀತಿಯೇ ಆಗಿರಲಿಲ್ಲ. ಜಾನಪದ ಧಾಟಿಯ ಗಿಟಾರ್ ಗಾಯಕನಾದ ಅವನನ್ನು ಬ್ಯಾಲಡ್ ಗಾಯಕರ ಸಾಲಿನಲ್ಲಿ ನಿಲ್ಲಿಸುವುದಕ್ಕೆ ಕೆಲವರು ಒಪ್ಪಲಿಕ್ಕಿಲ್ಲ, ಆದರೆ ಈ ವಿಷಯದ ಬಗ್ಗೆ ಮಾತಾಡುವಾಗ ಅವನನ್ನು ಬಿಡಲಾಗದು. ಆ ವಾಕ್ಯವನ್ನು ಕಾಗದದ ಮೇಲೆ ಓದಿದಾಗ ನನಗೆ ಒಪ್ಪಿಗೆಯಾಗುವುದಿಲ್ಲ; ನೋವಿನ ಪ್ರಮಾಣದಿಂದ ಪ್ರೀತಿಯ ಸತ್ಯವನ್ನು ಅಳೆದು ತಳ್ಳಿಹಾಕುವುದು ಸರಿಯೆನಿಸುವುದಿಲ್ಲ. ಅವನ ದನಿಯಲ್ಲಿ ಕೇಳಿದಾಗ ಮಾತ್ರ ಬೇರೆಯದೇ ತಿಳಿಯುತ್ತದೆ. ಹಾಗೆಂದು ನಂಬಿದರೆ ಮರೆಯಬಹುದೇನೋ ಎಂದು ತನಗೆ ತಾನೇ ಹೇಳಿಕೊಳ್ಳುತ್ತಿರುವವನ ದನಿ ಅದು, ಮತ್ತು ಅವನು ನಂಬಿಲ್ಲ ಎಂಬುದು ಪ್ರತಿ ಸಲ ಆ ಸಾಲು ಮರಳಿ ಬಂದಾಗಲೂ ಕೇಳಿಸುತ್ತದೆ. 1996ರ ಜನವರಿ 6ರಂದು, 31ನೆಯ ವಯಸ್ಸಿನಲ್ಲಿ ಅವನು ತೀರಿಕೊಂಡ. ದೆಗು ನಗರದಲ್ಲಿ ಅವನು ಹುಟ್ಟಿದ ಬಡಾವಣೆಯ ಮಾರುಕಟ್ಟೆಯ ಬದಿಯ ಓಣಿಯೊಂದರ ಗೋಡೆಗಳ ತುಂಬ ಇಂದು ಅವನ ಚಿತ್ರಗಳಿವೆ.

ಬೆಕ್ ಜಿ-ಯಂಗ್ ಅವರ ಬದುಕಿನ ಬಗ್ಗೆಯೂ ಸ್ವಲ್ಪ ಹೇಳಬೇಕು. 1999ರಲ್ಲಿ ಲ್ಯಾಟಿನ್ ಲಯದ ನೃತ್ಯಗೀತೆಗಳ ಗಾಯಕಿಯಾಗಿ ಬಂದು ಬಹುಬೇಗ ಹೆಸರಾದ ಅವರ ಖಾಸಗಿ ಬದುಕಿನ ಮೇಲೆ 2000ದಲ್ಲಿ ಒಂದು ಕ್ರೂರ ಅತಿಕ್ರಮಣ ನಡೆಯಿತು. ಅನ್ಯಾಯಕ್ಕೆ ಒಳಗಾದವರು ಅವರೇ ಆಗಿದ್ದರೂ ಸಮಾಜ ಅವರನ್ನೇ ದೂರವಿಟ್ಟಿತು. 2006ರಲ್ಲಿ ಅವರು ಮತ್ತೆ ಜನರ ಮನಸ್ಸಿಗೆ ಮರಳಿದ್ದು ಒಂದು ಬ್ಯಾಲಡ್‌ನಿಂದ, ಇನ್ನು ಪ್ರೀತಿಸುವುದಿಲ್ಲ ಎಂಬ ಅರ್ಥದ ಹೆಸರಿನ ಹಾಡಿನಿಂದ. ಗುಂಡೇಟಿನ ಹಾಡನ್ನು ಅವರ ಆತ್ಮಕಥೆಯೆಂದು ಓದುವುದು ನನಗೆ ಇಷ್ಟವಿಲ್ಲ. ಕಲಾವಿದೆಯೊಬ್ಬಳ ಕುಶಲತೆಯನ್ನು ಅವಳ ಗಾಯಗಳ ಲೆಕ್ಕಕ್ಕೆ ಬರೆಯುವುದು ಅವಳ ಶ್ರಮಕ್ಕೆ ಮಾಡುವ ಅನ್ಯಾಯ. ಆದರೂ ಕೊರಿಯಾದ ಕೇಳುಗರು ಆ ಕಂಠವನ್ನು ಕೇಳುವಾಗ ಆ ವರ್ಷಗಳನ್ನು ಮರೆತು ಕೇಳಿರಲಾರರು.

2018ರ ಏಪ್ರಿಲ್ 1ರಂದು ಅವರು ಇದೇ ಹಾಡನ್ನು ಉತ್ತರ ಕೊರಿಯಾದ ರಾಜಧಾನಿ ಪ್ಯೊಂಗ್‌ಯಾಂಗ್‌ನ ರಂಗಮಂದಿರದಲ್ಲಿ, ಕಿಮ್ ಜೊಂಗ್-ಉನ್ ಕುಳಿತಿದ್ದ ಸಭೆಯ ಮುಂದೆ ಹಾಡಿದರು. 1953ರ ಕದನವಿರಾಮದ ಮೇಲೆಯೇ ಇನ್ನೂ ನಿಂತಿರುವ, ಶಾಂತಿ ಒಪ್ಪಂದವಿಲ್ಲದ ಎರಡು ನಾಡುಗಳ ನಡುವೆ, ಗುಂಡೇಟು ತಿಂದಂತೆ ಎಂಬ ಮೊದಲ ಸಾಲಿನ ಹಾಡು. ಬೇರೆಯಾಗುವುದು ಯಾಕೆ, ಹೇಗೆ ಎಂದು ಕೇಳುವ ಹಾಡನ್ನು ಆ ಸಭೆಯಲ್ಲಿ ಕೂತವರು ಒಬ್ಬ ಹೆಣ್ಣಿನ ಪ್ರಶ್ನೆಯೆಂದು ಮಾತ್ರ ಕೇಳಿದರೋ, ಗಡಿಯಾಚೆ ಉಳಿದ ತಮ್ಮ ಬಂಧುಗಳನ್ನೂ ನೆನೆದರೋ ಎಂದು ನಾನು ಬಹಳ ಯೋಚಿಸಿದ್ದೇನೆ.

ಕಳೆದ ವರ್ಷ ನನ್ನ ಜೊತೆ ಕೆಲಸ ಮಾಡುವ ಕಿರಿಯ ಗೆಳತಿಯೊಬ್ಬಳ ಹಲವು ವರ್ಷಗಳ ಸಂಬಂಧ ಮುರಿಯಿತು. ಕಚೇರಿಯಲ್ಲಿ, ಮನೆಯಲ್ಲಿ, ಎಲ್ಲರೂ ಒಳ್ಳೆಯ ಮನಸ್ಸಿನಿಂದಲೇ ಅವಳಿಗೆ ಬುದ್ಧಿ ಹೇಳಿದರು: ಅಷ್ಟು ನಂಬಬಾರದಿತ್ತು, ಒಳ್ಳೆಯದೇ ಆಯಿತು ಬಿಡು, ಇನ್ನೂ ಒಳ್ಳೆಯವನು ಸಿಗುತ್ತಾನೆ. ಜಯನಗರ ನಾಲ್ಕನೇ ಬ್ಲಾಕಿನಲ್ಲಿ ಕಾಫಿ ಕುಡಿಯುತ್ತ ನಿಂತಾಗ ಅವಳು ನನ್ನೊಡನೆ ಹೇಳಿದ್ದು, ಯಾಕೆ ಅಂತ ಒಂದು ಮಾತು ಹೇಳಿ ಹೋಗಿದ್ದರೆ ಸಾಕಿತ್ತು ಅಕ್ಕಾ, ಎಂದು. ನಾನು ಬುದ್ಧಿ ಹೇಳಲು ಹೋಗಲಿಲ್ಲ. ಆ ರಾತ್ರಿ ಹಾಡನ್ನೂ, ಅದರ ಸಾಲುಗಳ ಅರ್ಥವನ್ನು ಕನ್ನಡದಲ್ಲಿ ಬರೆದು ಅದನ್ನೂ ಕಳಿಸಿದೆ. ಅವಳು ಬಹಳ ಹೊತ್ತಿನ ಮೇಲೆ ಉತ್ತರಿಸಿದಳು: ಇವಳೂ ನಕ್ಕಳಾ? ತಾನೂ ಆ ದಿನ ನಕ್ಕಿದ್ದಳಂತೆ, ಮತ್ತು ಯಾಕೆ ನಕ್ಕೆ ಎಂಬ ನಾಚಿಕೆ ಅವಳನ್ನು ಅಗಲಿಕೆಗಿಂತ ಹೆಚ್ಚು ಕಾಡುತ್ತಿತ್ತಂತೆ.

ಸಂಗೀತಕ್ಕೆ ಭಾಷೆ ಬೇಕಿಲ್ಲ, ಅರ್ಥ ತಿಳಿಯದೆಯೂ ಕೇಳಬಹುದು ಎಂದು ಹಲವರು ಹೇಳುತ್ತಾರೆ. ಈ ಹಾಡಿನ ಮಟ್ಟಿಗೆ ನಾನು ಆ ಮಾತನ್ನು ಒಪ್ಪುವುದಿಲ್ಲ. ಮೊದಲ ಸಲ ಕೇಳುವವರು ದಯವಿಟ್ಟು ಸಾಲುಗಳ ಅರ್ಥವನ್ನು ಓದಿಕೊಂಡೇ ಕೇಳಿ, ಇಲ್ಲವಾದರೆ ಆ ನಗುವೂ, ಮೂರನೆಯ ಸಲ ಅರ್ಧಕ್ಕೆ ನಿಲ್ಲುವ ಮಾತೂ ಕೈತಪ್ಪಿ, ಉಳಿಯುವುದು ಒಂದು ಚೆಂದದ ಶೋಕರಾಗ ಮಾತ್ರ. 2008ರ ಮೂಲ ಧ್ವನಿಮುದ್ರಣವನ್ನು ಮೊದಲು ಕೇಳಿ, ಪ್ಯೊಂಗ್‌ಯಾಂಗ್‌ನ ಗಾಯನವನ್ನು ಆಮೇಲೆ ಕೇಳಿ. ಕಿಮ್ ಗ್ವಾಂಗ್-ಸೊಕ್‌ನ ಹಾಡನ್ನು ಅದೇ ದಿನ ಕೇಳಬೇಡಿ. ಅವನಿಗೆ ಬೇರೆಯೇ ಒಂದು ಸಂಜೆ ಕೊಡಿ.